ಹಾಸಿಗೆ ಬರಿದಾಗಲೆಂದು ಹಾರೈಸಿದ ಆಸ್ಪತ್ರೆ

ಕಳೆದ ತಿಂಗಳ ಅನುಭಾವಗೋಷ್ಠಿ ಮುಗಿದ ಮೇಲೆ ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯ ಭಕ್ತರೊಬ್ಬರು ಒಂದು ಮಾತು ಹೇಳಿದರು. "ಡಾಕ್ಟರೇ, ನಮ್ಮ ಮಠಕ್ಕೆ ಶಾಲೆಯಿದೆ, ಪ್ರಸಾದನಿಲಯವಿದೆ. ಇನ್ನೊಂದು ನೂರು ಹಾಸಿಗೆಯ ಆಸ್ಪತ್ರೆಯಾಗಿಬಿಟ್ಟರೆ ಎಲ್ಲವೂ ಪೂರ್ಣವಾದಂತೆ. ಒಂದೊಂದು ಕೊಠಡಿಗೆ ಒಬ್ಬೊಬ್ಬ ದಾನಿಯ ಹೆಸರಿಟ್ಟರೆ ಹಣ ತಾನಾಗಿ ಬರುತ್ತದೆ." ಅವರ ಶ್ರದ್ಧೆಯನ್ನು ನಾನು ಬಲ್ಲೆ. ತಮ್ಮ ಪತ್ನಿಯನ್ನು ರಾತ್ರೋರಾತ್ರಿ ದೂರದ ನಗರಕ್ಕೆ ಕರೆದೊಯ್ಯಬೇಕಾಗಿ ಬಂದ ಸಂಕಟದಿಂದ ಹುಟ್ಟಿದ ಮಾತು ಅದು. ಆ ಹೊತ್ತಿಗೆ ನಾನು ಉತ್ತರ ಕೊಡಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಪೂರ್ತಿಯಾಗಿ ಒಪ್ಪಿಗೆಯ ಉತ್ತರವಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ನೆರೆಯ ಮಹಾರಾಷ್ಟ್ರದ ಅಹಮದನಗರ ಜಿಲ್ಲೆಯಲ್ಲಿ, ಈಗ ಅಹಿಲ್ಯಾನಗರವೆಂದು ಕರೆಯಲಾಗುವ ಜಿಲ್ಲೆಯಲ್ಲಿ, ಜಾಮಖೇಡವೆಂಬ ಊರಿದೆ. ಒಣ ಬೇಸಾಯದ ನಾಡು, ಜೋಳವೇ ಆಹಾರ. ನಮ್ಮ ವಿಜಯಪುರ, ಕಲಬುರಗಿಯ ಕಡೆಯ ಭಕ್ತರಿಗೆ ಆ ನೆಲದ ಬಣ್ಣವೂ ಬರವೂ ಅಪರಿಚಿತವಲ್ಲ. ಆ ಊರಿನ ಹೆಸರನ್ನು ನಾನು ಮೊದಲು ಕೇಳಿದ್ದು ಸೊಲ್ಲಾಪುರದಿಂದ ಬಂದು ನಮ್ಮೊಡನೆ ಓದುತ್ತಿದ್ದ ಸಹಪಾಠಿಯೊಬ್ಬನಿಂದ. ಅಲ್ಲಿನ ಆಸ್ಪತ್ರೆಯ ಕಥೆಯನ್ನು ಅದನ್ನು ಕಟ್ಟಿದ ದಂಪತಿಗಳೇ 1994ರಲ್ಲಿ ಪುಸ್ತಕವಾಗಿ ಬರೆದರು. ಅದನ್ನು ಓದಿದ ಮೇಲೆ ವೈದ್ಯನೆಂಬ ನನ್ನ ಹೆಮ್ಮೆ ಸ್ವಲ್ಪ ಕುಗ್ಗಿತೆಂದೇ ಹೇಳಬೇಕು.

ರಜನೀಕಾಂತ ಆರೋಳೆ ಮತ್ತು ಮೇಬೆಲ್ ಆರೋಳೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಮಹಾವಿದ್ಯಾಲಯದ ಸಹಪಾಠಿಗಳು. ಓದು ಮುಗಿಸಿದ ಮೇಲೆ ಗ್ರಾಮಾಂತರದ ಮಿಷನ್ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದರು. ಬೆಳಗಿನಿಂದ ಇರುಳಿನವರೆಗೆ ರೋಗಿಗಳು ಬರುತ್ತಿದ್ದರು, ಗುಣವಾಗಿ ಹೋಗುತ್ತಿದ್ದರು. ಕೆಲವು ತಿಂಗಳ ನಂತರ ಅದೇ ಮಕ್ಕಳು ಅದೇ ಭೇದಿಯಿಂದ, ಅದೇ ತಾಯಂದಿರು ಅದೇ ರಕ್ತಹೀನತೆಯಿಂದ ಮತ್ತೆ ಬಾಗಿಲಿಗೆ ಬರುತ್ತಿದ್ದರು. ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಹಳ್ಳಿಯ ಆರೋಗ್ಯ ಇದ್ದಲ್ಲೇ ಇತ್ತು. ಈ ಪ್ರಶ್ನೆಯನ್ನು ಹೊತ್ತು ಅವರು ಅಮೇರಿಕಕ್ಕೆ ಹೋಗಿ, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ, 1970ರಲ್ಲಿ ಜಾಮಖೇಡಕ್ಕೆ ಬಂದರು. ಊರಿನ ಮುಖಂಡರು ಕರೆದ ಮೇಲೆಯೇ ಬಂದರೆಂಬುದು ಗಮನಾರ್ಹ. ಊರವರು ಬಿಟ್ಟುಕೊಟ್ಟದ್ದು ಹಳೆಯ ಪಶುವೈದ್ಯಶಾಲೆಯ ಕಟ್ಟಡ. ದನಗಳಿಗೆ ಔಷಧ ಕುಡಿಸುತ್ತಿದ್ದ ಸ್ಥಳದಲ್ಲಿ ಮನುಷ್ಯರ ಚಿಕಿತ್ಸೆ ಆರಂಭವಾಯಿತು. ಯಾವ ಗೋಡೆಯ ಮೇಲೂ ದಾನಿಗಳ ಹೆಸರಿರಲಿಲ್ಲವೆಂದು ಊಹಿಸಬಲ್ಲೆ!

ಮೊದಲ ವರ್ಷಗಳಲ್ಲಿ ಅವರೂ ಎಲ್ಲರಂತೆಯೇ ಯೋಚಿಸಿದರು. ತರಬೇತಿ ಪಡೆದ ದಾದಿಯರನ್ನು ಹಳ್ಳಿಗಳಿಗೆ ಕಳುಹಿಸಿದರು. ಅದು ಫಲಿಸಲಿಲ್ಲ. ಹೊರಗಿನಿಂದ ಬಂದ ಒಂಟಿ ಹೆಣ್ಣುಮಗಳು ಹಳ್ಳಿಯಲ್ಲಿ ನೆಲೆ ನಿಲ್ಲುವುದು ಕಷ್ಟ. ಹಳ್ಳಿಯವರು ಅವಳ ಮಾತನ್ನು ನಂಬುವುದು ಇನ್ನೂ ಕಷ್ಟ. ಆಗ ಅವರಿಗೆ ಹೊಳೆದ ದಾರಿಯೆಂದರೆ ಹಳ್ಳಿಯೇ ಆರಿಸಿಕೊಟ್ಟ ಒಬ್ಬ ಹೆಂಗಸಿಗೆ ವಿದ್ಯೆ ಕಲಿಸುವುದು. ಹಾಗೆ ಬಂದವರಲ್ಲಿ ಬಹುಮಂದಿ ಅಕ್ಷರ ಬಾರದವರು. ಅನೇಕರು ದಲಿತ ಕೇರಿಯವರು, ಕೆಲವರು ಗಂಡನಿಂದ ಪರಿತ್ಯಕ್ತರಾದವರು. ಇವರು ವಾರಕ್ಕೊಮ್ಮೆ ಜಾಮಖೇಡಕ್ಕೆ ಬಂದು ಕಲಿತು ಮರಳುತ್ತಿದ್ದರು. ಬೇರೆ ಬೇರೆ ಜಾತಿಯ ಹೆಂಗಸರು ಒಂದೇ ಪಂಕ್ತಿಯಲ್ಲಿ ಉಣ್ಣುವುದು ಆ ಕಾಲಕ್ಕೆ, ಆ ಸೀಮೆಗೆ ಸಣ್ಣ ಸಂಗತಿಯಾಗಿರಲಿಲ್ಲ. ಪಂಕ್ತಿಭೇದವಿಲ್ಲದ ದಾಸೋಹದಲ್ಲಿ ಬೆಳೆದ ನಾವು ಇದನ್ನು ಬೇಗ ಅರ್ಥಮಾಡಿಕೊಳ್ಳಬೇಕು. ಮಠದ ಹೊರಗೆ ನಾವು ಹೇಗಿದ್ದೇವೆಂಬುದು ಬೇರೆ ಪ್ರಶ್ನೆ.

ಅವರು ಕಲಿತದ್ದೇನು? ಗರ್ಭಿಣಿಯನ್ನು ಪರೀಕ್ಷಿಸುವುದು, ಹೊಕ್ಕುಳಬಳ್ಳಿಯನ್ನು ಶುದ್ಧವಾದ ಅಲಗಿನಿಂದ ಕತ್ತರಿಸುವುದು, ಮಗುವಿನ ತೂಕ ನೋಡುವುದು, ಭೇದಿಯಾದ ಮಗುವಿಗೆ ನೀರು ಕುಡಿಸುವುದು, ಚರ್ಮದ ಮೇಲಿನ ಸ್ಪರ್ಶವಿಲ್ಲದ ಮಚ್ಚೆಯನ್ನು ಕಂಡು ಕುಷ್ಠವನ್ನು ಆರಂಭದಲ್ಲೇ ಗುರುತಿಸುವುದು, ಯಾವ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕೆಂದು ತಿಳಿಯುವುದು. ದೊಡ್ಡ ಶಸ್ತ್ರಕ್ರಿಯೆಗಳು ಜಾಮಖೇಡದ ಆಸ್ಪತ್ರೆಯಲ್ಲಿ ನಡೆಯುತ್ತಿದ್ದವು. ಆದರೆ ಆಸ್ಪತ್ರೆ ಕೊನೆಯ ಮೆಟ್ಟಿಲು, ಹಳ್ಳಿಯ ಹೆಂಗಸು ಮೊದಲ ಮೆಟ್ಟಿಲು. 1971ರಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 176 ಶಿಶುಗಳು ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದವು. ಇಪ್ಪತ್ತೈದು ವರ್ಷಗಳಲ್ಲಿ ಆ ಸಂಖ್ಯೆ ಮೂವತ್ತಕ್ಕಿಂತ ಕೆಳಗಿಳಿಯಿತು. ಹಾಸಿಗೆಗಳನ್ನು ಹೆಚ್ಚಿಸಿದ್ದರಿಂದ ಆದ ಕೆಲಸವಲ್ಲ ಇದು.

ಇಲ್ಲಿ ನನ್ನದೊಂದು ಪ್ರಸಂಗವನ್ನು ಹೇಳಬೇಕು. ಹೇಳಲು ಸಂಕೋಚವಿದ್ದರೂ ಹೇಳಬೇಕು. ಪದವಿ ಪಡೆದು ದವಾಖಾನೆ ತೆರೆದ ಎರಡನೆಯ ಬೇಸಿಗೆ. ಒಂದೂವರೆ ವರ್ಷದ ಮಗುವನ್ನು ತಾಯಿ ಎತ್ತಿಕೊಂಡು ಬಂದಳು. ಎರಡು ದಿನದಿಂದ ವಾಂತಿಭೇದಿ. ಕಣ್ಣು ಒಳಸೇರಿ, ನೆತ್ತಿ ಗುಳಿಬಿದ್ದಿತ್ತು. ಚಿವುಟಿದ ಚರ್ಮ ಹಾಗೆಯೇ ನಿಲ್ಲುತ್ತಿತ್ತು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಮನೆಯ ಅಜ್ಜಿ ಎರಡು ದಿನ ಹನಿ ನೀರನ್ನೂ ಕೊಡಗೊಡಿಸಿರಲಿಲ್ಲ. ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಲು ಹೇಳಿ ಬಸ್ಸು ಹತ್ತಿಸಿದೆ. ಮಗು ದಾರಿಯಲ್ಲಿಯೇ ತೀರಿಕೊಂಡಿತು. ಬಹಳ ದಿನ ಅಜ್ಜಿಯ ಅಜ್ಞಾನವನ್ನೇ ದೂರಿಕೊಂಡೆ. ಆಮೇಲೊಂದು ದಿನ ಹಳೆಯ ನೋಂದಣಿ ಪುಸ್ತಕ ತಿರುವುತ್ತಿದ್ದಾಗ ಅದೇ ತಾಯಿಯ ಹೆಸರು ಕಂಡಿತು. ಸೊಂಟನೋವಿಗೆಂದು ಅವಳು ಅದಕ್ಕೆ ಹಿಂದೆ ಮೂರು ಸಲ ನನ್ನಲ್ಲಿಗೆ ಬಂದಿದ್ದಳು. ಮೂರೂ ಸಲ ತೈಲ ಕೊಟ್ಟೆ, ಕಷಾಯ ಕೊಟ್ಟೆ. ಮನೆಯಲ್ಲಿ ಹಸುಗೂಸಿದೆಯೇ ಎಂದು ಕೇಳಲಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆಮಟ್ಟ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕೆಂಬ ಮಾತನ್ನು ಹೇಳಲು ಎರಡು ನಿಮಿಷ ಸಾಕಿತ್ತು. ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಆ ಮಗುವಿಗೂ ಬದುಕಿಗೂ ನಡುವೆ ಇದ್ದದ್ದು ಅಷ್ಟೇ ದೂರ.

ಚರಕಾಚಾರ್ಯರು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದ್ದಾರೆ: ವೈದ್ಯ, ಔಷಧದ್ರವ್ಯ, ಪರಿಚಾರಕ ಮತ್ತು ರೋಗಿ. ಪರೀಕ್ಷೆಗೆಂದು ನಾವೆಲ್ಲ ಬಾಯಿಪಾಠ ಮಾಡಿದ ವಿಷಯ. ಪರಿಚಾರಕನಿಗೆ ಆರೈಕೆಯ ತಿಳಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಇರಬೇಕೆನ್ನುತ್ತಾರೆ. ಅಕ್ಷರ ಬರಬೇಕೆಂದು ಅಲ್ಲಿ ಹೇಳಿಲ್ಲ. ರೋಗಿಯು ಭಯವಿಲ್ಲದವನಾಗಿರಬೇಕು, ತನ್ನ ಬೇನೆಯನ್ನು ವಿವರಿಸಬಲ್ಲವನಾಗಿರಬೇಕೆಂದೂ ಹೇಳಿದ್ದಾರೆ. ಪದವಿ ಪಡೆದ ನಾವು ಮೊದಲ ಎರಡು ಪಾದಗಳನ್ನು ಹಿಡಿದುಕೊಂಡು, ಉಳಿದೆರಡನ್ನು ಶ್ಲೋಕದಲ್ಲಿಯೇ ಬಿಟ್ಟೆವು. ಆರೋಳೆ ದಂಪತಿಗಳು ಆಯುರ್ವೇದದ ವೈದ್ಯರಲ್ಲ; ಆದರೆ ಆ ಕೊನೆಯ ಎರಡು ಪಾದಗಳನ್ನು ಅವರಷ್ಟು ಬಲಪಡಿಸಿದವರನ್ನು ನಮ್ಮ ಪದ್ಧತಿಯಲ್ಲಿ ನಾನು ಕಂಡಿಲ್ಲ. ನಮ್ಮವರಲ್ಲಿ ಮನೆಮದ್ದನ್ನು ಹೇಳಿಕೊಟ್ಟರೆ ಅದರ ಗುಣ ಹೋಗುತ್ತದೆಂದು ಬಚ್ಚಿಟ್ಟವರೇ ಹೆಚ್ಚು. ಈ ಮಾತಿನಿಂದ ಸಮಾನವೃತ್ತಿಯವರಿಗೆ ಬೇಸರವಾದರೆ ಕ್ಷಮಿಸಬೇಕು.

ಜಾಮಖೇಡದ ನೀರಿನ ಪ್ರಸಂಗ ಇನ್ನೂ ಸ್ವಾರಸ್ಯವಾದದ್ದು. ಎಪ್ಪತ್ತರ ದಶಕದ ಆರಂಭದ ಭೀಕರ ಬರಗಾಲದಲ್ಲಿ ಊರುಗಳಿಗೆ ಬೇಕಾದದ್ದು ಮಾತ್ರೆಯಲ್ಲ, ನೀರು ಮತ್ತು ಕೂಳು. ಆಸ್ಪತ್ರೆಯವರು ಕೊಳವೆಬಾವಿ ತೋಡಿಸಲು ಹೊರಟರು. ಎಲ್ಲಿ ತೋಡಬೇಕು? ದಲಿತ ಕೇರಿಯಲ್ಲಿಯೇ ನೀರಿನ ನೆಲೆ ಗುರುತಿಸುವಂತೆ ಭೂಗರ್ಭತಜ್ಞರಿಗೆ ಮೊದಲೇ ಸೂಚಿಸಿದ್ದರಂತೆ. ಬಾಯಾರಿದ ಮೇಲ್ಜಾತಿಯವರು ಕೊಡ ಹಿಡಿದು ಆ ಕೇರಿಗೇ ಬರಬೇಕಾಯಿತು. ಉಪದೇಶದಿಂದ ಆಗದ ಕೆಲಸವನ್ನು ಒಂದು ಕೈಪಂಪು ಮಾಡಿತು. ಕುಷ್ಠರೋಗಿಗಳಿಗೆ ಪ್ರತ್ಯೇಕ ಕಟ್ಟಡ ಕಟ್ಟದೆ ಎಲ್ಲ ರೋಗಿಗಳ ನಡುವೆಯೇ ಚಿಕಿತ್ಸೆ ಕೊಟ್ಟದ್ದೂ ಇದೇ ಜಾತಿಯ ಜಾಣ್ಮೆ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯುವ ನಮಗೆ, ಮೌಲ್ಯವೆಂಬುದು ಭಾಷಣದ ವಸ್ತುವಾಗದೆ ಬಾವಿ ತೋಡುವ ಜಾಗವನ್ನು ನಿರ್ಧರಿಸುವ ಈ ಬಗೆ ಹೊಸದೆನಿಸಬಾರದು.

ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1990ರಲ್ಲಿ ಪದ್ಮಭೂಷಣ ಬಂದವು. ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲಿ ಹೊರತಂದ ಗ್ರಂಥವೊಂದರಲ್ಲಿ ಜಾಮಖೇಡದ ಪ್ರಯೋಗ ಸೇರಿತು. ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿನ ಒಬ್ಬ ಆರೋಗ್ಯ ಸೇವಕಿ ವಾಷಿಂಗ್ಟನ್ನಿನ ಸಭೆಯಲ್ಲಿ ಆಡಿದ ಮಾತು. ಸಭಾಭವನದ ಛಾವಣಿಯಲ್ಲಿ ತೂಗುತ್ತಿದ್ದ ಬೆಲೆಬಾಳುವ ದೀಪಗುಚ್ಛಗಳನ್ನು ಅವರು ವೈದ್ಯರಿಗೆ ಹೋಲಿಸಿದರು. ತಮ್ಮಂಥವರನ್ನು ಎಣ್ಣೆಯ ಸಣ್ಣ ಹಣತೆಗೆ ಹೋಲಿಸಿದರು. ತೂಗುದೀಪ ಇನ್ನೊಂದು ದೀಪವನ್ನು ಹೊತ್ತಿಸಲಾರದು, ಹಣತೆ ಹೊತ್ತಿಸಬಲ್ಲದು ಎಂಬುದು ಅವರ ಮಾತಿನ ತಾತ್ಪರ್ಯ.

ಇದನ್ನು ಓದಿ ಯಾರೂ ದೊಡ್ಡ ಆಸ್ಪತ್ರೆ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಾರದು. ಎದೆನೋವಿನಿಂದ ಬೆವರುತ್ತಿರುವವನಿಗೆ, ಹೆರಿಗೆಯಲ್ಲಿ ರಕ್ತ ಹರಿಯುತ್ತಿರುವವಳಿಗೆ, ಹಾವು ಕಡಿದವನಿಗೆ ಕಷಾಯವಾಗಲಿ ಉಪದೇಶವಾಗಲಿ ಸಲ್ಲದು. ಸುಸಜ್ಜಿತ ಆಸ್ಪತ್ರೆಯೇ ಬೇಕು, ಬೇಗನೆ ಬೇಕು. ಜಾಮಖೇಡದಲ್ಲಿಯೂ ಮುಂದೆ ಹೊಸ ಆಸ್ಪತ್ರೆ ಕಟ್ಟಿದರು, ಕೃತಕ ಕಾಲು ತಯಾರಿಸುವ ಕಾರ್ಯಾಗಾರವನ್ನೂ ನಡೆಸಿದರು. ಆ ಮಾದರಿಯ ಬಗ್ಗೆ ಸಂದೇಹಪಡುವವರ ವಾದದಲ್ಲಿಯೂ ಹುರುಳಿದೆ. ಅಷ್ಟು ತ್ಯಾಗಿಗಳಾದ ಇಬ್ಬರು ವೈದ್ಯರು ಎಲ್ಲ ಊರಿಗೂ ಸಿಗುವುದಿಲ್ಲ. ಸರ್ಕಾರ 2005ರಿಂದ ಆಶಾ ಕಾರ್ಯಕರ್ತೆಯರನ್ನು ನೇಮಿಸಿದಾಗ ಇಂಥ ಪ್ರಯೋಗಗಳ ಅನುಭವವೇ ಅದಕ್ಕೆ ಹಿನ್ನೆಲೆಯಾಗಿತ್ತು. ಆದರೆ ಆ ಸೋದರಿಯರ ಪಾಲಿಗೆ ಕಲಿಕೆಗಿಂತ ದಾಖಲೆಯ ಕೆಲಸ ಹೆಚ್ಚಾಯಿತು, ಗೌರವಧನಕ್ಕಾಗಿ ಬೀದಿಯಲ್ಲಿ ಕೂರುವ ಸ್ಥಿತಿ ಬಂದಿತು. ಹಣತೆಗೆ ಎಣ್ಣೆ ಹಾಕುವುದನ್ನು ಮರೆತರೆ ಹೋಲಿಕೆಯಿಂದ ಬೆಳಕು ಬರುವುದಿಲ್ಲ.

ಇನ್ನೊಂದು ಸಂಗತಿ. ಇಂದು ನನ್ನ ದವಾಖಾನೆಗೆ ಬರುವವರಲ್ಲಿ ಭೇದಿಯ ಮಕ್ಕಳು ವಿರಳ. ಬರುವವರು ಮಧುಮೇಹಿಗಳು, ರಕ್ತದೊತ್ತಡದವರು. ಮಾತ್ರೆ ನುಂಗಿ ಬೇಸತ್ತು, ಯಾರೋ ಹೇಳಿದ ಬೇರಿನ ಪುಡಿಯನ್ನು ನಂಬಿ ಮಾತ್ರೆ ನಿಲ್ಲಿಸಿ, ಮೂತ್ರಪಿಂಡ ಕೆಡಿಸಿಕೊಂಡ ಮೇಲೆ ಬರುತ್ತಾರೆ. ಆಯುರ್ವೇದದ ವೈದ್ಯನಾದ ನಾನೇ ಹೇಳುತ್ತಿದ್ದೇನೆ: ವೈದ್ಯರನ್ನು ಕೇಳದೆ ಆ ಮಾತ್ರೆಗಳನ್ನು ನಿಲ್ಲಿಸಬೇಡಿರಿ. ಈ ರೋಗಗಳಿಗೆ ನೂರು ಹಾಸಿಗೆ ಉತ್ತರವಲ್ಲ. ಹಾಸಿಗೆ ಬೇಕಾಗುವ ಹೊತ್ತಿಗೆ ಹತ್ತು ವರ್ಷ ತಡವಾಗಿರುತ್ತದೆ. ಪ್ರತಿ ತಿಂಗಳು ಒತ್ತಡ ನೋಡುವ, ಪಾದದ ಗಾಯವನ್ನು ಗಮನಿಸುವ, ಮಾತ್ರೆ ತಪ್ಪಿಸಿದವನನ್ನು ಗದರಿಸುವ ಸಲುಗೆಯಿರುವ ನೆರೆಮನೆಯ ಒಬ್ಬ ಅಕ್ಕ ಬೇಕು.

ಆದ್ದರಿಂದ ಆ ಹಿರಿಯ ಭಕ್ತರಿಗೆ ನನ್ನ ಉತ್ತರವಿದು. ಕೊಠಡಿಗಳಿಗೆ ಹೆಸರಿಡುವ ಮೊದಲು, ಮಠದ ಭಕ್ತರಿರುವ ಪ್ರತಿ ಹಳ್ಳಿಯಿಂದ ಹಳ್ಳಿಯವರೇ ಆರಿಸಿದ ಇಬ್ಬರು ಹೆಣ್ಣುಮಕ್ಕಳನ್ನು ಕರೆಸೋಣ. ಜಾತಿ ಕೇಳುವುದು ಬೇಡ, ಓದು ಕೇಳುವುದೂ ಬೇಡ. ಅಮಾವಾಸ್ಯೆಗೆ ಹೇಗೂ ನೂರಾರು ಜನ ಇಲ್ಲಿ ಸೇರುತ್ತಾರೆ. ಅದರ ಹಿಂದಿನ ದಿನವೇ ಅವರು ಬಂದು ಪ್ರಸಾದ ಸ್ವೀಕರಿಸಿ, ಒಂದು ರಾತ್ರಿ ಉಳಿದು ಕಲಿತು ಹೋಗಲಿ. ದಾನಿಗಳ ಹಣ ಒತ್ತಡ ಅಳೆಯುವ ಯಂತ್ರಕ್ಕೆ, ಸಕ್ಕರೆ ನೋಡುವ ಪಟ್ಟಿಗೆ, ಆ ಹೆಣ್ಣುಮಕ್ಕಳ ದಿನಗೂಲಿಯ ನಷ್ಟಕ್ಕೆ ಮತ್ತು ಬಸ್ಸಿನ ಖರ್ಚಿಗೆ ಸಲ್ಲಲಿ. ಮೂರು ವರ್ಷವಾದ ಮೇಲೆ, ಯಾವ ರೋಗಕ್ಕೆ ಎಷ್ಟು ಹಾಸಿಗೆ ಬೇಕೆಂದು ಅವರನ್ನೇ ಕೇಳಿ ಆಸ್ಪತ್ರೆಯ ನಕ್ಷೆ ಬರೆಸಬಹುದು.

ಪೂಜ್ಯರ ಸನ್ನಿಧಿಯಲ್ಲಿ ಈ ವಿಷಯವನ್ನು ಅರಿಕೆ ಮಾಡಿಕೊಂಡಿದ್ದೇನೆ. ಬರುವ ಅಮಾವಾಸ್ಯೆಯ ಹಿಂದಿನ ದಿನ ನನ್ನ ದವಾಖಾನೆಗೆ ರಜೆ. ಮಧ್ಯಾಹ್ನ ಮೂರು ಗಂಟೆಯಿಂದ ಪ್ರಸಾದನಿಲಯದ ಜಗಲಿಯಲ್ಲಿ ಇರುತ್ತೇನೆ. ಇಬ್ಬರೇ ಬಂದರೂ ಪಾಠ ಆರಂಭಿಸುತ್ತೇನೆ.