ಹಾಗಲಕಾಯಿ ರಸ ಕುಡಿದರೆ ಇನ್ಸುಲಿನ್ ಬೇಡವೇ? ಜೀವಕೋಶಗಳ ಮಾತುಕತೆ ತಿಳಿದರೆ ಉತ್ತರ ಸಿಗುತ್ತದೆ

‘ದಿನಾ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಗಲಕಾಯಿ ರಸ ಕುಡಿಯಿರಿ, ತಿಂಗಳಲ್ಲೇ ಇನ್ಸುಲಿನ್ ಬಿಸಾಡಿ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಕಹಿ ತಿಂದರೆ ಸಿಹಿ ಇಳಿಯುತ್ತದೆ ಎಂಬ ಲೆಕ್ಕ ಕೇಳಲು ಸರಿಯಾಗಿಯೇ ಕಾಣುತ್ತದೆ. ಆದರೆ ಕಹಿ ಎಂಬುದು ನಾಲಿಗೆಗೆ ತಿಳಿಯುವ ರುಚಿ ಅಷ್ಟೇ. ರಕ್ತದ ಸಕ್ಕರೆ ಹತೋಟಿಯಲ್ಲಿರುವುದು ಜೀವಕೋಶಗಳು ಪರಸ್ಪರ ಕಳಿಸಿಕೊಳ್ಳುವ ಸಂದೇಶಗಳಿಂದ.

ಮೊದಲು ಒಂದು ಲೆಕ್ಕ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಪ್ರತಿ 100 ಮಿಲಿಲೀಟರ್ ರಕ್ತಕ್ಕೆ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ ಸಾಮಾನ್ಯ. ಅಂದರೆ ಅಷ್ಟೂ ರಕ್ತದಲ್ಲಿರುವ ಸಕ್ಕರೆ ಒಂದು ಟೀ ಚಮಚದಷ್ಟು! ಒಂದು ತಟ್ಟೆ ಅನ್ನದಲ್ಲಿ ಅದರ ಹತ್ತು ಪಟ್ಟು ಪಿಷ್ಟವಿರುತ್ತದೆ. ಅದು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತ ಸೇರಿದರೂ ಆರೋಗ್ಯವಂತರಲ್ಲಿ ಎರಡು ಮೂರು ಗಂಟೆಗಳಲ್ಲಿ ಮಟ್ಟ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ.

ಇದನ್ನು ನೋಡಿಕೊಳ್ಳುವ ಕೋಶಗಳಿರುವುದು ಜಠರದ ಹಿಂದೆ ಅಡಗಿರುವ ಮೇದೋಜ್ಜೀರಕ ಗ್ರಂಥಿಯಲ್ಲಿ. ಅಲ್ಲಿನ ಬೀಟಾ ಕೋಶಗಳು ರಕ್ತದ ಗ್ಲೂಕೋಸನ್ನು ಒಳಗೆಳೆದು ಉರಿಸುತ್ತವೆ. ಹೆಚ್ಚು ಗ್ಲೂಕೋಸ್ ಸಿಕ್ಕಷ್ಟೂ ಹೆಚ್ಚು ಶಕ್ತಿ ತಯಾರಾಗುತ್ತದೆ. ಆಗ ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚಿ, ಕ್ಯಾಲ್ಸಿಯಂ ಒಳಬರುವ ಬಾಗಿಲು ತೆರೆಯುತ್ತದೆ. ಕೂಡಲೇ ಇನ್ಸುಲಿನ್ ರಕ್ತಕ್ಕೆ ಬಿಡುಗಡೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳ ಮೇಲಿರುವ ಗ್ರಾಹಕಗಳಿಗೆ ಅದು ಬೀಗಕ್ಕೆ ಕೀಲಿಯಂತೆ ಕೂರುತ್ತದೆ. ಆ ಕೋಶಗಳು ಗ್ಲೂಕೋಸನ್ನು ಒಳಗೆ ಸೇರಿಸಿಕೊಳ್ಳುತ್ತವೆ. ಲಿವರ್ ಉಳಿದದ್ದನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ.

ರಾತ್ರಿ ಉಪವಾಸದಲ್ಲಿ ಕೆಲಸ ತಿರುಗುಮುರುಗು. ಪಕ್ಕದ ಆಲ್ಫಾ ಕೋಶಗಳು ಗ್ಲುಕಗಾನ್ ಕಳಿಸುತ್ತವೆ, ಲಿವರ್ ದಾಸ್ತಾನು ಬಿಚ್ಚುತ್ತದೆ. ಇನ್ಸುಲಿನ್ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿಹೋಗುವುದೂ ಮುಖ್ಯ. ಹಳೆಯ ಸಂದೇಶ ಅಳಿಯದೆ ಉಳಿದರೆ ಸಕ್ಕರೆ ಪಾತಾಳಕ್ಕಿಳಿದೀತು. (ನಮ್ಮ ಗ್ರೂಪುಗಳಲ್ಲಿ ವರ್ಷಗಟ್ಟಲೆ ಸುತ್ತುವ ಫಾರ್ವರ್ಡ್‌ಗಳಿಗೂ ಈ ಗುಣವಿದ್ದಿದ್ದರೆ!)

ಈ ಭಾಷೆ ಮನುಷ್ಯರದ್ದಷ್ಟೇ ಅಲ್ಲ. ಇನ್ಸುಲಿನ್‌ನಲ್ಲಿರುವ 51 ಅಮೈನೋ ಆಮ್ಲಗಳಲ್ಲಿ ಹಂದಿಗೂ ನಮಗೂ ಇರುವ ವ್ಯತ್ಯಾಸ ಒಂದೇ ಒಂದು. ಹಾಗಾಗಿಯೇ 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ ಮೇಲೆ, ಹಲವು ದಶಕ ಕಾಲ ಹಂದಿ ಮತ್ತು ದನದ ಗ್ರಂಥಿಗಳಿಂದ ತೆಗೆದ ಇನ್ಸುಲಿನ್ನೇ ಜೀವ ಉಳಿಸಿತು. ಬ್ಯಾಕ್ಟೀರಿಯಾಗಳಿಂದ ಮಾಡಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದದ್ದು 1980ರ ದಶಕದಲ್ಲಿ.

ಈಗ ರಸದ ವಿಷಯಕ್ಕೆ ಬರೋಣ. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶ ಮಾಡಿರುತ್ತದೆ. ಸಂದೇಶ ಕಳಿಸುವವರೇ ಇಲ್ಲ. ಯಾವ ತರಕಾರಿಯ ರಸವೂ ಆ ಜಾಗ ತುಂಬುವುದಿಲ್ಲ. ಟೈಪ್ 2ರಲ್ಲಿ ಸಂದೇಶ ಹೊರಡುತ್ತದೆ, ಆದರೆ ಕೇಳಬೇಕಾದ ಕೋಶಗಳು ಕಿವಿಗೊಡುವುದಿಲ್ಲ. ವರ್ಷಗಳು ಕಳೆದಂತೆ ಬೀಟಾ ಕೋಶಗಳೂ ಸೋಲುತ್ತವೆ. ನಡಿಗೆ, ವ್ಯಾಯಾಮ, ತೂಕ ಇಳಿಸುವುದು ಇಲ್ಲಿ ನಿಜಕ್ಕೂ ನೆರವಾಗುತ್ತವೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳಬಲ್ಲದು.

ಹಾಗಲಕಾಯಿ ಪಲ್ಯ ತಿನ್ನಬೇಡಿ ಎಂದು ನಾವು ಹೇಳುತ್ತಿಲ್ಲ. ಅದರ ರಸ ಇನ್ಸುಲಿನ್‌ಗೋ ಮಾತ್ರೆಗೋ ಬದಲಿ ಎಂಬುದಕ್ಕೆ ಪುರಾವೆ ಇಲ್ಲ. ‘ನಮ್ಮ ಮಾವನಿಗೆ 240 ಇದ್ದದ್ದು 130ಕ್ಕೆ ಇಳಿಯಿತು’ ಎಂಬ ಮಾತು ಕೇಳಿದರೆ, ಎರಡೂ ಪರೀಕ್ಷೆ ಯಾವ ಹೊತ್ತಿಗೆ ಮಾಡಿಸಿದ್ದು ಎಂದು ವಿಚಾರಿಸಿ. ಊಟದ ನಂತರದ ಅಂಕಿಯನ್ನು ಖಾಲಿ ಹೊಟ್ಟೆಯ ಅಂಕಿಗೆ ಹೋಲಿಸಿದರೆ ನೀರು ಕುಡಿದವರಿಗೂ ಇಳಿದಂತೆಯೇ ಕಾಣುತ್ತದೆ.

ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಅಪಾಯಕ್ಕೆ ತಿಂಗಳು ಬೇಕಿಲ್ಲ. ದೇಹ ಕೊಬ್ಬನ್ನು ಬೇಕಾಬಿಟ್ಟಿ ಒಡೆದು ಕೀಟೋನ್‌ಗಳು ತುಂಬುತ್ತವೆ, ರಕ್ತ ಆಮ್ಲೀಯವಾಗುತ್ತದೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣಿನ ವಾಸನೆ, ಜೋರಾದ ಉಸಿರಾಟ, ಮಂಪರು ಕಂಡರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.