ದೇವರೂ ಮಲಗುವ ಹೊತ್ತು

ಅಕ್ಕಲಕೋಟೆ ತಾಲೂಕಿನ ಯಾವುದೇ ಹಳ್ಳಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮಾರ್ಚ್ ತಿಂಗಳು. ತಂಗಿ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಬೆಳಗಾದರೆ ಗಣಿತದ ಪರೀಕ್ಷೆ. ಅಣ್ಣ ಒಂದು ಡಿಜೆ ಗಾಡಿಯಲ್ಲಿ ದುಡಿಯುತ್ತಾನೆ. ಅದರಲ್ಲಿ ಅವನ ಪಾಲೂ ಇದೆ, ಆ ಪಾಲಿಗಾಗಿ ಎತ್ತಿದ ಸಾಲವೂ ಇದೆ. ಆ ರಾತ್ರಿ ಅದೇ ಓಣಿಯಲ್ಲಿ ಮದುವೆಯ ಮೆರವಣಿಗೆ. ಹನ್ನೊಂದು ಗಂಟೆಯಾದರೂ ಮಾಡಿನ ತಗಡು ನಡುಗುವುದು ನಿಂತಿಲ್ಲ. ‘ಅಣ್ಣಾ, ನಾಳಿಗಿ ಗಣಿತದ ಪೇಪರ ಐತಿ, ಸ್ವಲ್ಪ ಸಣ್ಣಗ ಮಾಡೋ’ ಎಂದು ತಂಗಿ ಫೋನಿನಲ್ಲಿ ಕೇಳುತ್ತಾಳೆ. ‘ಅವರು ಪರವಾನಿಗಿ ತಗೊಂಡಾರವ್ವಾ, ನಾ ಏನ್ ಮಾಡ್ಲಿ’ ಎನ್ನುತ್ತಾನೆ ಅಣ್ಣ.

ಈ ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಅಣ್ಣನ ದುಡಿಮೆಯಿಂದಲೇ ತಂಗಿಯ ಪುಸ್ತಕಗಳು ಬಂದಿರಬಹುದು. ಇಂಥ ಮನೆಗಳಲ್ಲಿ ‘ರಾತ್ರಿ ಹೊರಗೆ ಹೋಗಬೇಡ, ಡಿಜೆ ಕಡೆ ಸುಳಿಯಬೇಡ’ ಎಂದು ಮಕ್ಕಳಿಗೆ ಹೇಳಿ ಪಾಲಕರು ಸುಮ್ಮನಾಗುತ್ತಾರೆ. ಆದರೆ ಬೇಡವೆಂಬ ಒಂದು ಮಾತಿನಿಂದ ಹದಿನೇಳರ ಹರೆಯ ಮನೆಯಲ್ಲಿ ಕೂರುವುದಿಲ್ಲ. ರಾತ್ರಿಯ ಮಟ್ಟಿಗೆ ಕಾನೂನು ಏನು ಹೇಳುತ್ತದೆ, ಆ ಕಾನೂನಿನೊಳಗೆ ಸೊಲ್ಲಾಪುರ ಅಕ್ಕಲಕೋಟೆಗಳ ಯುವಕನಿಗೆ ಎಂಥ ರಾತ್ರಿ ಉಳಿದಿದೆ ಎಂಬ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಳ್ಳಬೇಕಾಗಿದೆ.

ಮೊದಲು ಹೆಸರಿನ ವಿಚಾರ. ಗೋಡೆಯಂತೆ ಪೆಟ್ಟಿಗೆಗಳನ್ನು ಪೇರಿಸಿದ ಗಾಡಿಯನ್ನು ಈ ಭಾಗದಲ್ಲಿ ಡಿಜೆ ಎನ್ನುತ್ತಾರೆ, ಇಲ್ಲವೇ ಡಾಲ್ಬಿ ಎನ್ನುತ್ತಾರೆ. ಎರಡೂ ಹೆಸರುಗಳಿಗೆ ಇದರಿಂದ ಅನ್ಯಾಯವೇ ಆಗಿದೆ. ರೇ ಡಾಲ್ಬಿ ಎಂಬ ಎಂಜಿನಿಯರು 1965ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಯೋಗಾಲಯವನ್ನು ತೆರೆದು ಹೆಸರು ಮಾಡಿದ್ದು ಗದ್ದಲವನ್ನು ಹೆಚ್ಚಿಸಿದ್ದಕ್ಕಲ್ಲ. ಧ್ವನಿಮುದ್ರಣದ ಟೇಪಿನಲ್ಲಿ ಕೇಳಿಬರುತ್ತಿದ್ದ ‘ಸ್ಸ್’ ಎಂಬ ಬೇಡದ ಸದ್ದನ್ನು ತಗ್ಗಿಸಿದ್ದಕ್ಕೆ. ಡಿಜೆಯ ಕಥೆ ಇನ್ನೂ ಸೊಗಸಾದದ್ದು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1973ರ ಆಗಸ್ಟ್ 11ರಂದು ಜಮೈಕಾ ಮೂಲದ ಕ್ಲೈವ್ ಕ್ಯಾಂಪ್ಬೆಲ್ ಎಂಬ ಹುಡುಗ ಒಂದು ಕೂಟಕ್ಕೆ ಹಾಡುಗಳನ್ನು ನುಡಿಸಿದ. ಮುಂದೆ ಡಿಜೆ ಕೂಲ್ ಹರ್ಕ್ ಎಂದು ಲೋಕಪ್ರಸಿದ್ಧನಾದವನು ಇವನೇ. ಹಿಪ್ ಹಾಪ್ ಸಂಗೀತದ ಹುಟ್ಟುದಿನವೆಂದು ಅನೇಕರು ಎಣಿಸುವುದು ಆ ರಾತ್ರಿಯನ್ನೇ. ಆ ಕೂಟವನ್ನು ಏರ್ಪಡಿಸಿದವಳು ಅವನ ತಂಗಿ ಸಿಂಡಿ. ಶಾಲೆ ಪುನಃ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸುವುದು ಅವಳ ಉದ್ದೇಶವಾಗಿತ್ತು. ಸ್ಥಳ ಅವರು ವಾಸವಾಗಿದ್ದ ಕಟ್ಟಡದ ಒಳಗಿನ ಮನರಂಜನೆಯ ಕೋಣೆ. ಬೇಕಾದವರು ಚಿಲ್ಲರೆ ಕಾಸು ಕೊಟ್ಟು ಒಳಗೆ ಬಂದರು. ತಂಗಿಯ ಶಾಲೆಯ ಬಟ್ಟೆಗಾಗಿ ಅಣ್ಣ ನುಡಿಸಿದ ಕಲೆ ಐವತ್ತು ವರ್ಷಗಳ ತರುವಾಯ ಇಲ್ಲಿ ತಂಗಿಯ ಪರೀಕ್ಷೆಗೆ ಅಡ್ಡಿಯಾಗಿ ನಿಂತಿರುವುದು ಆ ಕಲೆಯ ದೋಷವಲ್ಲ.

ಇನ್ನು ಕಾನೂನು. ಪರಿಸರ ಸಂರಕ್ಷಣಾ ಕಾಯಿದೆ, 1986ರ ಅಡಿಯಲ್ಲಿ ಕೇಂದ್ರ ಸರಕಾರ 2000ನೆಯ ಇಸವಿಯಲ್ಲಿ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳನ್ನು ಜಾರಿಗೊಳಿಸಿತು. ಇವುಗಳ ಪ್ರಕಾರ ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರು ಗಂಟೆಯವರೆಗಿನ ಕಾಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಸರಕಾರ ಘೋಷಿಸಿದ ಶಾಂತ ವಲಯದಲ್ಲಿ ಹಗಲು 50, ರಾತ್ರಿ 40. ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕವನ್ನು ಹಚ್ಚಿದಾಗ ಆ ಸ್ಥಳದ ಗಡಿಯಲ್ಲಿ ಶಬ್ದವು ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು.

‘ಪರವಾನಿಗಿ ತಗೊಂಡಾರ’ ಎಂಬ ಅಣ್ಣನ ಉತ್ತರ ಎಡವುವುದು ಇಲ್ಲಿಯೇ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು, ನಿಜ. ಆದರೆ ಆ ಕಾಗದ ಕೈಯಲ್ಲಿದೆಯೆಂದು ಡೆಸಿಬೆಲ್ಲಿನ ಮಿತಿ ತಪ್ಪುವುದಿಲ್ಲ, ಗಡಿಯಾರವೂ ನಿಲ್ಲುವುದಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಆ ದಿನಗಳನ್ನು ಮುಂಚಿತವಾಗಿ ಪ್ರಕಟಿಸಬೇಕು. ಮನೆಯ ಮದುವೆ ಆ ಲೆಕ್ಕದಲ್ಲಿ ಬರುವುದಿಲ್ಲ. ಹಬ್ಬದ ದಿನವೂ ಹನ್ನೆರಡರ ಆಚೆಗೆ ಸಡಿಲಿಕೆಯಿಲ್ಲ.

ಈ ನಿಯಮಗಳ ಹಿಂದಿನ ವಿಚಾರವನ್ನು ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರ ತೀರ್ಪಿನಲ್ಲಿ ವಿವರವಾಗಿ ಹೇಳಿದೆ. ಮಾತನಾಡುವ ಸ್ವಾತಂತ್ರ್ಯ ಸಂವಿಧಾನದ 19ನೆಯ ವಿಧಿಯಲ್ಲಿದೆ. ಆದರೆ ಒಲ್ಲದವನ ಕಿವಿಗೆ ಬಲವಂತವಾಗಿ ಸದ್ದನ್ನು ತುರುಕುವ ಹಕ್ಕು ಅದರಲ್ಲಿ ಸೇರಿಲ್ಲ. ನೆಮ್ಮದಿಯಿಂದ ಬದುಕುವ ಹಕ್ಕು 21ನೆಯ ವಿಧಿಯ ಭಾಗ. ಮಿತಿ ಮೀರಿದ ಧ್ವನಿವರ್ಧಕಗಳನ್ನು ಜಪ್ತು ಮಾಡಲು ರಾಜ್ಯಗಳು ವ್ಯವಸ್ಥೆ ಮಾಡಬೇಕೆಂದೂ ಅದೇ ತೀರ್ಪು ಆದೇಶಿಸಿತು. ಕಾಯಿದೆಯ ಉಲ್ಲಂಘನೆಗೆ 2024ರ ಏಪ್ರಿಲ್‌ನಿಂದ ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಅಂದರೆ ಹನ್ನೊಂದು ಗಂಟೆಗೆ ಸಂಕಟದಲ್ಲಿರುವುದು ತಂಗಿಯ ಗಣಿತವೊಂದೇ ಅಲ್ಲ, ಸಾಲ ತೀರದ ಅಣ್ಣನ ಪೆಟ್ಟಿಗೆಗಳೂ ಹೌದು. ಮದುವೆ ಮುಗಿದ ಮೇಲೆ ಮಂಟಪದವರು ಮನೆಗೆ ಹೋಗುತ್ತಾರೆ. ಠಾಣೆಯ ಅಂಗಳದಲ್ಲಿ ನಿಲ್ಲುವುದು ಅವನ ಗಾಡಿ.

ಅವನ ಕಿವಿಯ ಮಾತನ್ನೂ ಹೇಳಬೇಕು. ಡೆಸಿಬೆಲ್ಲಿನ ಲೆಕ್ಕ ಸಾದಾ ಕೂಡುವ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು; ಮೂವತ್ತು ಏರಿದರೆ ಸಾವಿರ ಪಟ್ಟು. ಹತ್ತನೆಯ ತರಗತಿಯ ಮಕ್ಕಳು ಇದನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಕೆಲಸದ ಸ್ಥಳದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಬಹುದೆಂದು ಶ್ರವಣತಜ್ಞರು ಒಪ್ಪಿದ್ದಾರೆ; ಪ್ರತಿ ಮೂರು ಡೆಸಿಬೆಲ್ಲಿಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಉಳಿಯುವುದು ಸುಮಾರು ಹದಿನೈದು ನಿಮಿಷ. ಗಾಡಿಯ ಪಕ್ಕದಲ್ಲಿ ನಾಲ್ಕು ತಾಸು ನಿಲ್ಲುವ ಹುಡುಗ ತನ್ನ ಜೀವಮಾನದ ಕಿವಿಯನ್ನು ಒಂದು ಹಂಗಾಮಿನಲ್ಲಿಯೇ ಖರ್ಚು ಮಾಡುತ್ತಾನೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇಲ್ಲಿಯವರೆಗೆ ತಲೆದೂಗಿದ ಹಿರಿಯರಿಗೆ ಮುಂದಿನ ಮಾತು ಅಷ್ಟು ಹಿತವೆನಿಸಲಿಕ್ಕಿಲ್ಲ. ಕಾನೂನು ಡಿಜೆ ಎಂಬ ಹೆಸರನ್ನು ಹಿಡಿದು ಹೊರಟಿಲ್ಲ. ನಿಯಮದಲ್ಲಿರುವುದು ಧ್ವನಿವರ್ಧಕ ಮಾತ್ರವಲ್ಲ. ಸದ್ದು ಮಾಡುವ ಸಲಕರಣೆ ಮತ್ತು ಸಂಗೀತ ವಾದ್ಯಗಳೂ ಸೇರಿವೆ. ರಾತ್ರಿ ಹತ್ತರ ನಂತರ ಇವುಗಳಿಗೆ ಜಾಗವಿರುವುದು ಸಭಾಗೃಹ, ಸಮುದಾಯ ಭವನದಂಥ ಮುಚ್ಚಿದ ಸ್ಥಳದ ಒಳಗೆ ಮಾತ್ರ. ಜಾತ್ರೆಯ ರಾತ್ರಿ ಬೆಳಗಿನವರೆಗೆ ಮೈಕು ಕಟ್ಟಿ ಆಡುವ ನಾಟಕಕ್ಕೂ, ಕಂಬಕ್ಕೊಂದು ಹಾರ್ನು ಬಿಗಿದು ನಡೆಯುವ ಭಜನೆಗೂ ಗಡಿಯಾರ ಒಂದೇ. ಪ್ರಾರ್ಥನೆಯ ಹೆಸರಿನಲ್ಲಿಯೂ ನೆರೆಯವರ ಶಾಂತಿಯನ್ನು ಕದಡಲಾಗದೆಂದು ಸರ್ವೋಚ್ಚ ನ್ಯಾಯಾಲಯ 2000ನೆಯ ಇಸವಿಯಲ್ಲಿಯೇ ಹೇಳಿದೆ. ಧ್ವನಿವರ್ಧಕವು ಯಾವ ಧರ್ಮದ ಅವಿಭಾಜ್ಯ ಅಂಗವೂ ಅಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಮತ್ತೆ ಸ್ಪಷ್ಟಪಡಿಸಿತು. ಅಪ್ಪನ ಭಜನೆಗೆ ಒಂದು ನ್ಯಾಯ, ಮಗನ ಡಿಜೆಗೆ ಇನ್ನೊಂದು ನ್ಯಾಯ ಎಂದರೆ ಮಗ ಒಪ್ಪುವುದಿಲ್ಲ. ಒಪ್ಪಬೇಕಾದ ಕಾರಣವೂ ಇಲ್ಲ.

ಹಾಗಾದರೆ ರಾತ್ರಿ ಬರಿದೇ? ಈ ನೆಲದಲ್ಲಿ ಹಾಗೆ ಎಂದೂ ಇರಲಿಲ್ಲ. ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಮುನ್ನಿನ ವಾರಗಳಲ್ಲಿ ಹಳೆಯ ಪೇಟೆಯ ಓಣಿಗಳಲ್ಲಿ ಸಂಜೆಯ ಮೇಲೆ ಹೋಗಿ ನೋಡಬೇಕು. ಹನ್ನೆರಡನೆಯ ಶತಮಾನದ ವಚನಕಾರ, ಶಿವಯೋಗಿ ಸಿದ್ಧರಾಮನ ಉತ್ಸವದಲ್ಲಿ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಆ ಎತ್ತರದ ಕೋಲನ್ನು ಸಮತೋಲ ತಪ್ಪದೆ ಹೊತ್ತು ನಡೆಯುವುದಕ್ಕೆ ತರುಣರು ಅನೇಕ ರಾತ್ರಿಗಳ ಸರಾವು ಮಾಡುತ್ತಾರೆ. ಒಬ್ಬ ಹೊರುತ್ತಾನೆ, ಸುತ್ತಲಿನವರು ಉಸಿರು ಬಿಗಿಹಿಡಿದು ಹಗ್ಗ ಹಿಡಿಯುತ್ತಾರೆ. ಹರೆಯದ ಕಸುವಿಗೆ, ಗೆಳೆಯರ ಗುಂಪಿಗೆ, ಊರಿನ ಕಣ್ಣಿಗೆ ಬೀಳಬೇಕೆಂಬ ಆಸೆಗೆ ಇದಕ್ಕಿಂತ ಒಳ್ಳೆಯ ರಾತ್ರಿ ಬೇರೆಲ್ಲಿ ಸಿಕ್ಕೀತು?

ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರಿನ ಅಕ್ಕಲಕೋಟೆಯಲ್ಲಿ, 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದಲ್ಲಿ ರಾತ್ರಿ ಶೇಜಾರತಿಯಾಗುತ್ತದೆ. ಶೇಜಾರತಿಯೆಂದರೆ ದೇವರನ್ನು ಮಲಗಿಸುವ ಆರತಿ. ದಿನವಿಡೀ ಭಕ್ತರು ತುಂಬಿದ ಊರಿನಲ್ಲಿ ದೇವರಿಗೇ ಒಂದು ನಿದ್ರೆಯ ಹೊತ್ತನ್ನು ಗೊತ್ತುಮಾಡಿದ ಹಿರಿಯರು ಪಕ್ಕದ ಮನೆಯ ಕೂಸಿಗೂ ಮುದುಕರಿಗೂ ಅದೇ ಹೊತ್ತನ್ನು ನಿರಾಕರಿಸಿಯಾರೆ?

ಗಡಿಭಾಗದ ಹಳ್ಳಿಗಳಲ್ಲಿ ಹರದೇಶಿ ನಾಗೇಶಿ ಹಾಡಿಕೆಯಿದೆ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ. ಪುರಾಣದಿಂದ ಪ್ರಶ್ನೆ ಎತ್ತುತ್ತಾರೆ, ಪದ ಕಟ್ಟಿ ಉತ್ತರ ಕೊಡುತ್ತಾರೆ. ದಪ್ಪು, ತುಂತುಣಿಗಳಷ್ಟೇ ಸಾಥಿ. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರೆನ್ನದೆ ಕೂಡಿ ಹಾಡುವ ರಿವಾಯತ ಪದಗಳಿವೆ. ಈ ಹಾಡಿಕೆಗಳಲ್ಲಿ ಗೆಲ್ಲುವುದು ದೊಡ್ಡ ದನಿಯಲ್ಲ, ಒಳ್ಳೆಯ ಉತ್ತರ. ಶಾಲೆಯ ಸಭಾಗೃಹದಲ್ಲಿ ಸಂಜೆ ಆರಕ್ಕೆ ಆರಂಭಿಸಿ ಹತ್ತರೊಳಗೆ ಮುಗಿಸಿದರೆ ಕಾನೂನಿನ ಯಾವ ತಕರಾರೂ ಇಲ್ಲ.

ಇನ್ನೂ ಒಂದು ರಾತ್ರಿಯ ನೆನಪು ಕನ್ನಡ ಶಾಲೆಯ ಕುಟುಂಬಗಳಿಗೆ ಇರಬೇಕಾದದ್ದು. ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಗಿಗೆ ಮುಂಬಯಿ ಸೇರುತ್ತದೆ. ರಾತ್ರಿಯ ಮೋಜಿಗೆ ಹೆಸರಾದ ಆ ಮಹಾನಗರದಲ್ಲಿಯೇ ಕನ್ನಡಿಗರು ಬೇರೊಂದು ಬಗೆಯ ರಾತ್ರಿಯನ್ನು ಕಟ್ಟಿದ್ದರು. ಹಗಲೆಲ್ಲ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದ ಕರಾವಳಿಯ ಹುಡುಗರು ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಮೊಗವೀರ, ಗುರುನಾರಾಯಣ ಮುಂತಾದ ರಾತ್ರಿ ಪ್ರೌಢಶಾಲೆಗಳಲ್ಲಿ ಕಲಿತು ವಕೀಲರಾದವರು, ಬ್ಯಾಂಕು ಸೇರಿದವರು, ತಾವೇ ಹೋಟೆಲು ತೆರೆದವರು ಇದ್ದಾರೆ. ಹೊರನಾಡಿನಲ್ಲಿ ಕನ್ನಡ ಉಳಿದಿರುವುದಕ್ಕೆ ಆ ದೀಪಗಳೂ ಒಂದು ಕಾರಣ.

ಕೊನೆಗೆ ಮನೆಯವರು ಮಾಡಬಹುದಾದ ಕೆಲವು ಕೆಲಸಗಳು. ಪರೀಕ್ಷೆಯ ವೇಳಾಪಟ್ಟಿ ಬಂದೊಡನೆ ಓಣಿಯ ಮಂಡಳಿಗಳಿಗೂ ಮದುವೆಯ ಮನೆಗಳಿಗೂ ಅದರ ಒಂದೊಂದು ಪ್ರತಿಯನ್ನು ಪಾಲಕರು ಕೂಡಿ ಹೋಗಿ ಕೊಡಬೇಕು. ಮುಖ ನೋಡಿ ಹೇಳಿದ ಮಾತಿಗೆ ಬೆಲೆ ಹೆಚ್ಚು. ಹತ್ತರ ನಂತರವೂ ಸದ್ದು ನಿಲ್ಲದಿದ್ದರೆ ಜಗಳಕ್ಕೆ ಇಳಿಯದೆ 112ಕ್ಕೆ ಕರೆ ಮಾಡಿ ಸ್ಥಳ, ಸಮಯಗಳನ್ನು ತಿಳಿಸಬೇಕು. ದೂರು ಕೊಟ್ಟವರ ಹೆಸರನ್ನು ಸದ್ದು ಮಾಡಿದವರಿಗೆ ಪೊಲೀಸರು ತಿಳಿಸಬಾರದೆಂದು ಮುಂಬಯಿ ಉಚ್ಚ ನ್ಯಾಯಾಲಯದ ಅದೇ 2025ರ ತೀರ್ಪು ಹೇಳುತ್ತದೆ, ಆದ್ದರಿಂದ ಹೆದರಬೇಕಾಗಿಲ್ಲ. ತಮ್ಮ ಮನೆಯ ಮದುವೆಗೆ ಗಾಡಿ ಗೊತ್ತುಪಡಿಸುವವರು ಹತ್ತಕ್ಕೆ ಮುಗಿಯಬೇಕೆಂಬ ಮಾತನ್ನು ಮುಂಗಡ ಕೊಡುವಾಗಲೇ ಬರವಣಿಗೆಯಲ್ಲಿ ಇಟ್ಟರೆ, ನಡುರಾತ್ರಿ ‘ಇನ್ನೊಂದು ಹಾಡು’ ಎಂದು ಒತ್ತಾಯಿಸುವವರ ಮುಂದೆ ಗಾಡಿಯ ಹುಡುಗನಿಗೆ ಒಂದು ಆಧಾರ ಸಿಗುತ್ತದೆ. ಶಾಲೆಗಳು ಇಂಥ ಹುಡುಗರನ್ನು ದೂರವಿಡದೆ ವಾರ್ಷಿಕ ಸ್ನೇಹಸಮ್ಮೇಳನದ ಧ್ವನಿವ್ಯವಸ್ಥೆಗೆ ಅವರನ್ನೇ ಕರೆಯಬೇಕು. ಎರಡು ಪೆಟ್ಟಿಗೆಗಳಲ್ಲಿ ಕೊನೆಯ ಸಾಲಿನ ಅಜ್ಜಿಗೂ ಮಾತು ತಿಳಿಯುವಂತೆ ಮಾಡುವುದು ಇಪ್ಪತ್ತು ಪೆಟ್ಟಿಗೆಗಳಲ್ಲಿ ತಗಡು ನಡುಗಿಸುವುದಕ್ಕಿಂತ ಕಠಿಣವಾದ ವಿದ್ಯೆ. ಅದಕ್ಕೆ ಕೂಲಿಯೂ ಇದೆ, ಮರ್ಯಾದೆಯೂ ಇದೆ.

ಆ ಮನೆಯ ಅಣ್ಣ ಮುಂದಿನ ಮಾರ್ಚಿನಲ್ಲಿ ಹತ್ತಕ್ಕೆ ಐದು ನಿಮಿಷ ಇರುವಾಗಲೇ ತಂತಿಗಳನ್ನು ಸುತ್ತಿಡುವ ಹಾಗಾದರೆ ಸಾಕು. ಮನೆಗೆ ಬಂದು ತಂಗಿಗೆ ಒಂದು ಲೆಕ್ಕ ಬಿಡಿಸಿಕೊಡುವಷ್ಟು ರಾತ್ರಿ ಅವನಿಗೆ ಆಗಲೂ ಉಳಿದಿರುತ್ತದೆ.