ಹಿಟ್ಟಿಗೆ ವಿಶ್ರಾಂತಿ, ಮಾಲೀಕರಿಗೆ ಜಾಗರಣೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ. ಹೋಟೆಲಿನವರಾದ ನಮಗೆ ಸಂತೆ ಮುಗಿದು ಮನೆ ಸೇರಿದರೂ ನಿದ್ದೆಯಿಲ್ಲ. ರಾತ್ರಿ 11ಕ್ಕೆ ಷಟರ್ ಎಳೆದು, ಗಲ್ಲಾ ಲೆಕ್ಕ ಮುಗಿಸಿ, ಊಟ ಮಾಡಿ ಮಲಗುವಾಗ 12.30. ಬೆಳಗಿನ ಜಾವ 4ಕ್ಕೆ ಹಾಲು ಬರುತ್ತದೆ. ತರಕಾರಿಗೆಂದು ಬೋಯಿನ್‌ಪಲ್ಲಿ ಮಾರುಕಟ್ಟೆಗೆ ಹೋಗುವವರಿಗೆ ಅದೂ ತಡವೇ. ಹೀಗೆ ಸಿಗುವ ಮೂರೂವರೆ ಗಂಟೆ ನಿದ್ದೆಯನ್ನು ನಾವು ದೊಡ್ಡ ಸಾಧನೆಯಂತೆ ಹೇಳಿಕೊಳ್ಳುತ್ತೇವೆ. ಉಡುಪಿ, ಕುಂದಾಪುರದ ಕಡೆಯಿಂದ ಹೈದರಾಬಾದಿಗೆ ಬಂದ ಹಿರಿಯರು ಹೀಗೇ ದುಡಿದು ಮೇಲೆ ಬಂದರು ಎನ್ನುತ್ತೇವೆ. ಅವರಲ್ಲಿ ಎಷ್ಟೋ ಮಂದಿ ಐವತ್ತಕ್ಕೇ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದುದನ್ನು ಮಾತ್ರ ಹೇಳುವುದಿಲ್ಲ.

ನಮ್ಮ ಬಳಗದವರೇ ಒಬ್ಬರು ಮಾರುಕಟ್ಟೆಯಿಂದ ಮರಳುವಾಗ ಸ್ಕೂಟರ್ ಮೇಲೆಯೇ ತೂಕಡಿಸಿ ಡಿವೈಡರಿಗೆ ಗುದ್ದಿದರು. ಕಾಲಿಗೆ ರಾಡ್ ಹಾಕಿಸಿಕೊಂಡು ಮೂರು ತಿಂಗಳು ಮನೆಯಲ್ಲಿ ಮಲಗಿದರು. ಆ ಮೂರು ತಿಂಗಳೂ ಅಡುಗೆ ಭಟ್ಟರು ಮತ್ತು ಕ್ಯಾಷಿಯರ್ ಸೇರಿ ಹೋಟೆಲ್ ನಡೆಸಿದರು. ನಾವಿಲ್ಲದಿದ್ದರೆ ಒಲೆ ಉರಿಯದು ಎಂಬ ನಮ್ಮ ನಂಬಿಕೆ ಎಷ್ಟು ನಿಜ ಎಂದು ಅಂದೇ ತಿಳಿಯಿತು.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಮಾತು. ವರ್ಷಗಟ್ಟಲೆ ಅದಕ್ಕಿಂತ ಕಡಿಮೆಯಾದರೆ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆ. ದೇಹದೊಳಗೊಂದು ಗಡಿಯಾರವಿದೆ, ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂದಿತು. ಆ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಬೆಳಕು. ಹಗಲೆಲ್ಲ ಅಡುಗೆಮನೆ, ಗಲ್ಲಾಗಳ ನಡುವೆ ಕಳೆದು, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕುಳಿತರೆ ಅದು ತಪ್ಪದೆ ಇರುತ್ತದೆಯೇ?

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಬೆಳಗ್ಗೆ ಬಾಗಿಲು ತೆರೆಯುವವರೇ ರಾತ್ರಿ ಮುಚ್ಚಬಾರದು. ಪಾಲುದಾರ, ತಮ್ಮ, ಮಗ, ನಂಬಿಕಸ್ಥ ಮ್ಯಾನೇಜರ್, ಯಾರಾದರೂ ಒಬ್ಬರಿಗೆ ಒಂದು ಪಾಳಿ ಬಿಟ್ಟುಕೊಡಿ.

ಉಳಿದವು ನಮ್ಮ ಕೈಯಲ್ಲೇ ಇರುವ ಅಭ್ಯಾಸಗಳು. ಬೆಳಗಿನ ತಿಂಡಿಯ ರಷ್ ಇಳಿದ ಮೇಲೆ ಕಾಲು ಗಂಟೆ ಬಿಸಿಲಿನಲ್ಲಿ ನಡೆಯಿರಿ. ಡಿಕಾಕ್ಷನ್ ರುಚಿ ನೋಡುವ ನೆಪದಲ್ಲಿ ನಾವು ಕುಡಿಯುವ ಕಾಫಿಗೆ ಲೆಕ್ಕವಿಲ್ಲ. ಕುಡಿದು ಸುಮಾರು 5 ಗಂಟೆಯಾದರೂ ಕೆಫೀನಿನ ಅರ್ಧ ಭಾಗ ದೇಹದಲ್ಲೇ ಇರುತ್ತದೆ. ಸಂಜೆ 4ರ ಕಾಫಿಯೇ ಕೊನೆಯದಾಗಲಿ. ಮಧ್ಯಾಹ್ನ ಊಟದ ಗಿರಾಕಿ ಮುಗಿದ ಮೇಲೆ ಇಪ್ಪತ್ತು ನಿಮಿಷ ಮಲಗಿದರೆ ಸಾಕು, ಎರಡು ಗಂಟೆ ಬೇಡ. ರಾತ್ರಿ ಊಟ 8.30ರೊಳಗೆ ಹೋಟೆಲಿನಲ್ಲೇ ಮುಗಿಯಲಿ. ಸ್ವಿಗ್ಗಿ, ಜೊಮ್ಯಾಟೊ ಲೆಕ್ಕವನ್ನು ಗಲ್ಲಾದಲ್ಲೇ ನೋಡಿ ಮುಗಿಸಿ. ಫೋನು ಹಾಸಿಗೆಗೆ ಬರಬಾರದು. ಸ್ನಾನ ಮಾಡಿ ಒಗ್ಗರಣೆ ವಾಸನೆ ಕಳೆದುಕೊಂಡು ಮಲಗಿ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟುತ್ತದೆ ಎಂದು ಮನೆಯವರು ಹೇಳಿದರೆ ನಗಬೇಡಿ, ವೈದ್ಯರಿಗೆ ತೋರಿಸಿ.

ಕೊನೆಯದಾಗಿ ನಮ್ಮ ಹುಡುಗರ ಮಾತು. 2023ರ ಏಪ್ರಿಲ್‌ನಲ್ಲಿ ತೆಲಂಗಾಣ ಸರಕಾರ ಷರತ್ತುಗಳ ಮೇಲೆ ಅಂಗಡಿಗಳನ್ನು 24 ಗಂಟೆ ತೆರೆದಿಡಲು ಅವಕಾಶ ಕೊಟ್ಟಾಗಲೂ, ನೌಕರರ ವಾರದ ರಜೆ ಮತ್ತು ಕೆಲಸದ ಅವಧಿಯ ಮಿತಿಯನ್ನು ಬಿಟ್ಟುಕೊಡಲಿಲ್ಲ. ಮೇಜು ಸರಿಸಿ ನೆಲದ ಮೇಲೆ ಮಲಗುವ ಸಪ್ಲೈಯರ್‌ಗೆ ಒಂದು ಫ್ಯಾನು, ಸೊಳ್ಳೆಪರದೆ, ದೀಪವಾರಿದ ಕೋಣೆ ಕೊಡುವುದು ಉಪಕಾರವಲ್ಲ, ಮಾಲೀಕರ ಕರ್ತವ್ಯ. ನಿದ್ದೆಗೆಟ್ಟವನ ಕೈಯಲ್ಲಿ ಕುದಿಯುವ ಸಾಂಬಾರಿನ ಕೊಳಗ ಇರುತ್ತದೆ ಎಂಬುದು ನೆನಪಿರಲಿ.

ರುಬ್ಬಿದ ಇಡ್ಲಿ ಹಿಟ್ಟನ್ನು ರಾತ್ರಿಯಿಡೀ ಮುಟ್ಟದೆ ಬಿಟ್ಟರೇ ಅದು ಹದಕ್ಕೆ ಬರುವುದು ಎಂದು ನಾವೆಲ್ಲ ಬಲ್ಲೆವು. ಹಿಟ್ಟಿಗೆ ಕೊಡುವಷ್ಟು ಬಿಡುವನ್ನಾದರೂ ನಮಗೂ ನಮ್ಮವರಿಗೂ ಕೊಟ್ಟುಕೊಳ್ಳೋಣ.